ಆ ಒಂದು ‘ಎಸ್’ ಎಲ್ಲಿ ಹೋಯ್ತು?

ರಾತ್ರಿ ಹನ್ನೊಂದರ ಹೊತ್ತಿಗೆ ಚಿಕ್ಕಮ್ಮನ ಮಗಳು ವಾಟ್ಸ್‌ಆ್ಯಪ್‌ನಲ್ಲಿ ಒಂದು ಸ್ಕ್ರೀನ್‌ಶಾಟ್ ಕಳಿಸಿದಳು. ಅವಳ ಆಫೀಸಿನ ಮೇಲ್. ಬೆಂಗಳೂರಿನ ಒಂದು ಕಂಪನಿಯ ಅಕೌಂಟ್ಸ್ ವಿಭಾಗದಲ್ಲಿ ಅವಳಿಗೆ ಕೆಲಸ ಸಿಕ್ಕಿ ಒಂದೂವರೆ ವರ್ಷ. ಅಂದು ಮಧ್ಯಾಹ್ನ ಹನ್ನೆರಡು ಜನರಿಗೆ ಹೋದ ಮೇಲ್‌ನಲ್ಲಿ ಅವಳು ಬರೆದಿದ್ದು ಇಷ್ಟು: ‘ದ ಲಿಸ್ಟ್ ಆಫ್ ಪೆಂಡಿಂಗ್ ಇನ್ವಾಯ್ಸಸ್ ಆರ್ ಅಟ್ಯಾಚ್ಡ್.’ ಅದಕ್ಕೆ ಅವಳ ಮ್ಯಾನೇಜರ್ ‘ರಿಪ್ಲೈ ಆಲ್’ ಒತ್ತಿ, ಆ ಹನ್ನೆರಡೂ ಜನರ ಎದುರಿಗೆ ಒಂದೇ ಸಾಲು ಬರೆದಿದ್ದರು: ‘ಈಸ್, ನಾಟ್ ಆರ್.’

ಲೆಕ್ಕ ಸರಿಯಾಗಿತ್ತಾ, ಫೈಲ್ ಓಪನ್ ಆಯ್ತಾ, ಯಾರೂ ಕೇಳಲಿಲ್ಲ. ‘ಅಕ್ಕಾ, ನಂಗೆ ಗ್ರಾಮರ್ರೇ ಬರಲ್ಲ. ನಾಳೆಯಿಂದ ಮೀಟಿಂಗಲ್ಲಿ ಬಾಯೇ ಬಿಡಲ್ಲ’ ಅಂತ ಅವಳ ಮೆಸೇಜು. ಹೈಸ್ಕೂಲುವರೆಗೂ ಕನ್ನಡ ಮೀಡಿಯಂನಲ್ಲಿ ಓದಿದ ಹುಡುಗಿ. ಇಂಗ್ಲಿಷ್ ಅಂದರೆ ಮೊದಲಿಂದಲೂ ಒಂದು ಅಳುಕು.

ನಾನು ಅವಳಿಗೆ ಹೇಳಿದ್ದು ಒಂದೇ ಮಾತು. ‘ನಿನಗೆ ಗ್ರಾಮರ್ ಬರುತ್ತೆ ಕಣೇ. ನೀನು ಕನ್ನಡದ ಗ್ರಾಮರ್ ಇಟ್ಕೊಂಡು ಇಂಗ್ಲಿಷ್ ಬರೆದಿದ್ದೀಯ, ಅಷ್ಟೇ.’ ಸಮಾಧಾನಕ್ಕೆ ಹೇಳಿದ ಮಾತಲ್ಲ ಇದು. ಸಬ್ಜೆಕ್ಟ್-ವರ್ಬ್ ಹೊಂದಾಣಿಕೆಯಲ್ಲಿ ನಾವು ಕನ್ನಡದವರು ಮಾಡುವ ತಪ್ಪುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರೆ, ಹೆಚ್ಚಿನವುಗಳ ಹಿಂದೆ ಕನ್ನಡದ ಒಂದು ಸರಿಯಾದ ನಿಯಮವೇ ಕೂತಿರುತ್ತದೆ.

ನಮ್ಮದು ಅವರಿಗಿಂತ ಕಷ್ಟದ ಲೆಕ್ಕ

ಹೈಸ್ಕೂಲಿನ ಕನ್ನಡ ವ್ಯಾಕರಣ ನೆನಪಿದೆಯಾ? ಧಾತು, ಕಾಲಸೂಚಕ ಪ್ರತ್ಯಯ, ಆಖ್ಯಾತ ಪ್ರತ್ಯಯ. ಮಾಡು, ಉತ್ತ, ಆನೆ ಸೇರಿ ಮಾಡುತ್ತಾನೆ. ಆ ಕೊನೆಯ ‘ಆನೆ’ ಇದೆಯಲ್ಲ, ಅದೇ ಕರ್ತೃವಿಗೂ ಕ್ರಿಯಾಪದಕ್ಕೂ ಗಂಟು ಹಾಕುವ ದಾರ. ಬಂದೆ, ಬಂದೆವು, ಬಂದೆಯಾ, ಬಂದಿರಿ, ಬಂದನು, ಬಂದಳು, ಬಂದರು, ಬಂತು. ಯಾರು, ಎಷ್ಟು ಜನ, ಗಂಡೋ ಹೆಣ್ಣೋ, ಎಮ್ಮೆಯೋ ಬಸ್ಸೋ, ಎಲ್ಲವೂ ಕ್ರಿಯಾಪದದ ಬಾಲದಲ್ಲೇ ಗೊತ್ತಾಗುತ್ತದೆ. ನಾಲ್ಕು ವರ್ಷದ ಮಗು ಕೂಡ ‘ಅಮ್ಮ ಬಂದ’ ಅನ್ನುವುದಿಲ್ಲ.

ಬಾಲ ಇಷ್ಟು ಗಟ್ಟಿಯಾಗಿರುವುದರಿಂದಲೇ ನಾವು ಕರ್ತೃವನ್ನು ಆರಾಮಾಗಿ ಬಿಟ್ಟುಬಿಡುತ್ತೇವೆ. ‘ಊಟ ಆಯ್ತಾ?’ ‘ಹ್ಞೂಂ, ಮಾಡ್ದೆ.’ ‘ನಾನು’ ಅಂತ ಹೇಳುವ ಅಗತ್ಯವೇ ಇಲ್ಲ. ಇಂಗ್ಲಿಷಿನವನು ಬರೀ ‘ಏಟ್’ ಅಂದರೆ ತಿಂದವರು ಯಾರು ಅಂತ ತಿಳಿಯುವುದಿಲ್ಲ. ಅದಕ್ಕೇ ಅಲ್ಲಿ ಕರ್ತೃ ಕಡ್ಡಾಯ. ಯಾರೂ ಇಲ್ಲದ ಕಡೆಯೂ ಒಬ್ಬರನ್ನು ತಂದು ಕೂರಿಸಬೇಕು. ನಮ್ಮಲ್ಲಿ ಮಳೆ ಬರುತ್ತದೆ, ಅವರಲ್ಲಿ ‘ಇಟ್’ ಅನ್ನುವ ಯಾವುದೋ ಒಂದು ಸುರಿಯುತ್ತದೆ.

ಇಂಗ್ಲಿಷಿಗೂ ಒಂದು ಕಾಲದಲ್ಲಿ ಇಂಥ ಬಾಲಗಳಿದ್ದವು. ಸಾವಿರ ವರ್ಷದ ಹಿಂದಿನ ಹಳೆ ಇಂಗ್ಲಿಷಿನಲ್ಲಿ ‘ನಾನು’, ‘ನೀನು’, ‘ಅವನು’ ಅಂತ ಬದಲಾದ ಹಾಗೆ ಕ್ರಿಯಾಪದದ ಕೊನೆಯೂ ಬದಲಾಗುತ್ತಿತ್ತು. ಬಹುವಚನಕ್ಕೆ ಬೇರೆಯೇ ಪ್ರತ್ಯಯ. ಕಾಲ ಕಳೆದ ಹಾಗೆ ಅವೆಲ್ಲ ಸವೆದು ಉದುರಿದವು. ಉಳಿದಿದ್ದು ಒಂದು ‘ಎಸ್’. ಅದೂ ವರ್ತಮಾನ ಕಾಲದಲ್ಲಿ ಮಾತ್ರ. ಹಿ, ಶಿ, ಇಟ್ ಅನ್ನುವ ಮೂವರಿಗೆ ಮಾತ್ರ. ಈ ‘ಎಸ್’ ಬಂದಿದ್ದು ಉತ್ತರ ಇಂಗ್ಲೆಂಡಿನ ಆಡುಮಾತಿನಿಂದ. ದಕ್ಷಿಣದಲ್ಲಿ ‘ಎತ್’ ಇತ್ತು. ಶೇಕ್ಸ್‌ಪಿಯರ್ ‘ಹ್ಯಾತ್’ ಮತ್ತು ‘ಹ್ಯಾಸ್’ ಎರಡನ್ನೂ ಬಳಸಿದ್ದಾನೆ. 1611ರ ಬೈಬಲ್ ಹಳೆಯ ‘ಎತ್’ ಅನ್ನೇ ಹಿಡಿದುಕೊಂಡಿತು. ಕೊನೆಗೆ ಗೆದ್ದಿದ್ದು ಉತ್ತರದವರ ‘ಎಸ್’.

ಅಂದರೆ ಎಂಟು ಹತ್ತು ಬಾಲಗಳನ್ನು ಯೋಚನೆಯೇ ಇಲ್ಲದೆ ಸಂಭಾಳಿಸುವ ನಮಗೆ ಕಾಟ ಕೊಡುತ್ತಿರುವುದು ಒಂದೇ ಒಂದು ಅಕ್ಷರ. ಅದು ಒಂದೇ ಆಗಿರುವುದೇ ತೊಂದರೆ. ಹತ್ತು ಕಡೆ ಇರುವುದು ಅಭ್ಯಾಸವಾಗುತ್ತದೆ, ಎಲ್ಲೋ ಒಂದು ಕಡೆ ಇರುವುದು ಮರೆಯುತ್ತದೆ. ಸಾಲದ್ದಕ್ಕೆ ಅದು ಹೆಸರಿಗೆ ಅಂಟಿದರೆ ಬಹುವಚನ, ಕ್ರಿಯಾಪದಕ್ಕೆ ಅಂಟಿದರೆ ಏಕವಚನ! ‘ಬಾಯ್ಸ್ ರನ್’, ‘ಬಾಯ್ ರನ್ಸ್’. ಈ ಎಡವಟ್ಟು ಯಾರು ಮಾಡಿದರೋ.

ಅಲ್ಲಿಯ ಮಕ್ಕಳಿಗೂ ಇದು ಬೇಗ ಬರುವುದಿಲ್ಲ. ಅಮೆರಿಕದ ರೋಜರ್ ಬ್ರೌನ್ ಮೂವರು ಮಕ್ಕಳು ಮಾತು ಕಲಿಯುವುದನ್ನು ವರ್ಷಗಟ್ಟಲೆ ಹಿಂಬಾಲಿಸಿ 1973ರಲ್ಲಿ ಪುಸ್ತಕ ಬರೆದರು. ಇಂಗ್ಲಿಷಿನ 14 ಸಣ್ಣ ಸಣ್ಣ ವ್ಯಾಕರಣದ ತುಣುಕುಗಳು ಯಾವ ಕ್ರಮದಲ್ಲಿ ಬರುತ್ತವೆ ಅಂತ ನೋಡಿದ ಪುಸ್ತಕ ಅದು. ಬಹುವಚನದ ‘ಎಸ್’ ಬೇಗ ಬಂತು. ಕ್ರಿಯಾಪದದ ‘ಎಸ್’ ಬಂದಿದ್ದು ಎಷ್ಟೋ ತಡವಾಗಿ. ಉಚ್ಚಾರಣೆ ಒಂದೇ, ಅಕ್ಷರ ಒಂದೇ, ಆದರೂ!

ಯಜಮಾನ ಎಲ್ಲಿ ಕೂತಿದ್ದಾನೆ?

ಈಗ ತಂಗಿಯ ಮೇಲ್‌ಗೆ ಬರೋಣ. ಅದನ್ನೇ ಕನ್ನಡದಲ್ಲಿ ಬರೆದರೆ ಹೇಗಿರುತ್ತೆ? ‘ಬಾಕಿ ಇರುವ ಇನ್ವಾಯ್ಸ್‌ಗಳ ಪಟ್ಟಿಯನ್ನು ಲಗತ್ತಿಸಿದೆ.’ ಇಲ್ಲಿ ‘ಪಟ್ಟಿ’ ಕ್ರಿಯಾಪದದ ಪಕ್ಕಕ್ಕೇ ಇದೆ. ಕನ್ನಡದಲ್ಲಿ ವಿವರಣೆ ಎಲ್ಲ ಮೊದಲು, ಮುಖ್ಯ ಪದ ಕೊನೆಗೆ. ಬಾಕಿ ಇರುವ, ಇನ್ವಾಯ್ಸ್‌ಗಳ, ಆಮೇಲೆ ಪಟ್ಟಿ. ಮದುವೆ ದಿಬ್ಬಣದ ಹಾಗೆ: ಮುಂದೆ ವಾಲಗದವರು, ನೆಂಟರು, ಹಿಂದೆ ಮದುಮಗ.

ಇಂಗ್ಲಿಷಿನ ದಿಬ್ಬಣ ತಿರುಗಾಮುರುಗಾ. ಮದುಮಗ ಮೊದಲೇ ಬಂದುಬಿಡುತ್ತಾನೆ, ನೆಂಟರೆಲ್ಲ ಹಿಂದೆ. ‘ದ ಲಿಸ್ಟ್’ ಮೊದಲು. ಆಮೇಲೆ ‘ಆಫ್ ಪೆಂಡಿಂಗ್ ಇನ್ವಾಯ್ಸಸ್’. ಕ್ರಿಯಾಪದ ಬರುವ ಹೊತ್ತಿಗೆ ಅದರ ಪಕ್ಕದಲ್ಲಿ ನಿಂತಿರುವುದು ‘ಇನ್ವಾಯ್ಸಸ್’. ಪಕ್ಕದಲ್ಲಿರುವವರೇ ಯಜಮಾನರು ಅಂತ ತಿಳಿಯುವ ಕನ್ನಡದ ಮನಸ್ಸು ತಕ್ಷಣ ‘ಆರ್’ ಅಂದುಬಿಡುತ್ತದೆ.

ಇದು ನಮ್ಮ ಒಬ್ಬರ ಪಾಡೂ ಅಲ್ಲ. 1991ರಲ್ಲಿ ಕ್ಯಾಥರಿನ್ ಬಾಕ್ ಮತ್ತು ಕರೋಲ್ ಮಿಲ್ಲರ್ ಅನ್ನುವ ಇಬ್ಬರು ಸಂಶೋಧಕಿಯರು ಇಂಗ್ಲಿಷ್ ಮನೆಮಾತಿನ ಕಾಲೇಜು ವಿದ್ಯಾರ್ಥಿಗಳಿಗೆ ವಾಕ್ಯದ ಮೊದಲ ಭಾಗ ಕೊಟ್ಟು ಪೂರ್ತಿ ಮಾಡಿ ಅಂದರು. ‘ದ ಕೀ ಟು ದ ಕ್ಯಾಬಿನೆಟ್ಸ್’ ಅಂಥವು. ಕೀಲಿ ಒಂದು, ಕಪಾಟು ಹಲವು. ಹುಟ್ಟಿದಾಗಿನಿಂದ ಇಂಗ್ಲಿಷ್ ಮಾತಾಡುವವರೂ ಆಗಾಗ ‘ವರ್’ ಅಂದುಬಿಟ್ಟರು. ಸ್ವಾರಸ್ಯ ಏನೆಂದರೆ, ಮೊದಲು ಬಹುವಚನ ಇದ್ದು ಪಕ್ಕದಲ್ಲಿ ಏಕವಚನ ಇದ್ದಾಗ ಅಷ್ಟು ತಪ್ಪು ಆಗಲಿಲ್ಲ. ಕ್ರಿಯಾಪದವನ್ನು ದಾರಿ ತಪ್ಪಿಸುವುದು ಮುಖ್ಯವಾಗಿ ಪಕ್ಕದಲ್ಲಿರುವ ಬಹುವಚನ. ತಂಗಿಯ ವಾಕ್ಯ ನೋಡಿ, ಅದೇ ಗುಂಡಿ.

ಅನುಮಾನ ಬಂದಾಗ ಏನು ಮಾಡಬೇಕು? ಅವಳಿಗೆ ನಾನು ಹೇಳಿಕೊಟ್ಟ ಉಪಾಯ ಇದು: ಆ ಕರ್ತೃವನ್ನು ಮನಸ್ಸಿನಲ್ಲೇ ಕನ್ನಡಕ್ಕೆ ತಿರುಗಿಸು. ಕನ್ನಡದಲ್ಲಿ ಕೊನೆಗೆ ಯಾವ ಪದ ಬಂದು ನಿಲ್ಲುತ್ತದೋ ಅದೇ ಯಜಮಾನ. ಅದು ಒಂದೋ ಹಲವೋ ನೋಡು. ಕನ್ನಡವನ್ನು ಬಿಟ್ಟು ಇಂಗ್ಲಿಷಿನಲ್ಲೇ ಯೋಚಿಸು ಅಂತ ಕೋಚಿಂಗ್ ಕ್ಲಾಸಿನವರು ಹೇಳುತ್ತಾರಲ್ಲ, ಈ ಒಂದು ವಿಷಯದಲ್ಲಿ ನನ್ನ ಸಲಹೆ ಉಲ್ಟಾ.

‘ಒನ್ ಆಫ್ ಮೈ ಫ್ರೆಂಡ್ಸ್’: ನನ್ನ ಗೆಳತಿಯರಲ್ಲಿ ಒಬ್ಬಳು. ಕೊನೆಗೆ ನಿಂತಿದ್ದು ‘ಒಬ್ಬಳು’, ಹಾಗಾಗಿ ‘ಈಸ್’. ‘ದ ಕ್ವಾಲಿಟಿ ಆಫ್ ದ ಫೋಟೋಸ್’: ಫೋಟೋಗಳ ಗುಣಮಟ್ಟ. ಕೊನೆಗೆ ‘ಗುಣಮಟ್ಟ’, ‘ಈಸ್’. ‘ದ ಮ್ಯಾನೇಜರ್, ಅಲಾಂಗ್ ವಿತ್ ಟೂ ಎಂಜಿನಿಯರ್ಸ್’: ಇಬ್ಬರು ಎಂಜಿನಿಯರ್‌ಗಳ ಜೊತೆಗೆ ಮ್ಯಾನೇಜರ್. ‘ಈಸ್ ವಿಸಿಟಿಂಗ್’. ಹೋಗುತ್ತಿರುವವರು ಮೂರು ಜನ ಆದರೂ ವ್ಯಾಕರಣದ ಲೆಕ್ಕಕ್ಕೆ ಒಬ್ಬರೇ. ಅದೇ ‘ಅಂಡ್’ ಹಾಕಿದರೆ ಮೂವರೂ ಯಜಮಾನರು, ‘ಆರ್’.

ಎಲ್ಲರನ್ನೂ ಗೊಂದಲಕ್ಕೆ ತಳ್ಳುವ ಜೋಡಿ ಒಂದಿದೆ: ‘ದ ನಂಬರ್ ಆಫ್’ ಮತ್ತು ‘ಎ ನಂಬರ್ ಆಫ್’. ನಡುವೆ ಇರುವ ವ್ಯತ್ಯಾಸ ಒಂದು ಸಣ್ಣ ‘ದ’ ಮತ್ತು ‘ಎ’. ಕನ್ನಡದಲ್ಲಿ ಇವೆರಡೂ ಬೇರೆ ಬೇರೆಯೇ. ‘ದ ನಂಬರ್ ಆಫ್ ಕಂಪ್ಲೇಂಟ್ಸ್’ ಅಂದರೆ ದೂರುಗಳ ಸಂಖ್ಯೆ. ಕೊನೆಗೆ ‘ಸಂಖ್ಯೆ’, ‘ಹ್ಯಾಸ್ ಗಾನ್ ಅಪ್’. ‘ಎ ನಂಬರ್ ಆಫ್ ಕಂಪ್ಲೇಂಟ್ಸ್’ ಅಂದರೆ ಹಲವು ದೂರುಗಳು. ಕೊನೆಗೆ ‘ದೂರುಗಳು’, ‘ಹ್ಯಾವ್ ಕಮ್’. ಇದನ್ನು ಹೇಳಿದಾಗ ತಂಗಿ ಒಂದು ನಿಮಿಷ ಸುಮ್ಮನಿದ್ದು, ‘ಅಯ್ಯೋ, ಇದನ್ನ ಹಿಂಗೆ ಯಾರೂ ಹೇಳೇ ಇರಲಿಲ್ವಲ್ಲ’ ಅಂದಳು.

ಎರಡು ಫೈಲು ಬಂತು

ಆದರೆ ಕನ್ನಡಕ್ಕೆ ತಿರುಗಿಸಿ ಯಜಮಾನನನ್ನು ಹುಡುಕಿದರೆ ಸಾಲದು. ಯಜಮಾನ ಸಿಕ್ಕ ಮೇಲೆ ಒಂದೋ ಹಲವೋ ಅಂತ ಎಣಿಸುವಾಗ ಕನ್ನಡವನ್ನು ನಂಬಬಾರದು. ಏಕೆಂದರೆ ಆಡುಮಾತಿನಲ್ಲಿ ನಾವು ವಸ್ತುಗಳಿಗೆ ಬಹುವಚನದ ಮರ್ಯಾದೆ ಕೊಡುವುದೇ ಅಪರೂಪ.

‘ಬಿರುಗಾಳಿಗೆ ಹತ್ತು ಮರ ಬಿತ್ತು.’ ‘ಎರಡು ಫೈಲು ಬಂತು.’ ‘ಮೂರು ತೊಂದರೆ ಇದೆ.’ ಪುಸ್ತಕದಲ್ಲಿ ‘ಮರಗಳು ಬಿದ್ದವು’ ಅಂತ ಬರೆಯುತ್ತೇವೆ. ಮನೆಯಲ್ಲಿ ಹಾಗೆ ಮಾತಾಡಿದರೆ ನಗುತ್ತಾರೆ. ಜನರಾದರೆ ‘ಹತ್ತು ಜನ ಬಂದರು’ ಅಂತಲೇ ಅನ್ನಬೇಕು. ಜೀವವಿಲ್ಲದ್ದಕ್ಕೆ, ಪ್ರಾಣಿಗೆ, ಹತ್ತಾದರೂ ನೂರಾದರೂ ‘ಬಂತು’ ಸಾಕು.

ಈ ಅಭ್ಯಾಸವೇ ಮೇಲ್‌ಗೆ ಇಳಿಯುತ್ತದೆ. ‘ದ ಫೈಲ್ಸ್ ಹ್ಯಾಸ್ ಬೀನ್ ಅಪ್‌ಲೋಡೆಡ್.’ ‘ದೇರ್ ಈಸ್ ತ್ರೀ ಇಷ್ಯೂಸ್.’ ‘ಡೀಟೇಲ್ಸ್ ಈಸ್ ಅಟ್ಯಾಚ್ಡ್.’ ಆಫೀಸಿನ ಮೇಲ್‌ಗಳಲ್ಲಿ ನಾನು ಅತಿ ಹೆಚ್ಚು ನೋಡುವ ತಪ್ಪು ಈ ಗುಂಪಿನದು. ಇಂಗ್ಲಿಷಿಗೆ ಮರವೂ ಮನುಷ್ಯರೂ ಒಂದೇ. ಎರಡಾದ ಕೂಡಲೇ ‘ಆರ್’, ‘ಹ್ಯಾವ್’. ‘ದೇರ್’ ಇಂದ ಶುರುವಾಗುವ ವಾಕ್ಯದಲ್ಲಿ ಇನ್ನೂ ಕಷ್ಟ, ಯಜಮಾನ ಕ್ರಿಯಾಪದದ ಆಚೆಗೆ ಕೂತಿರುತ್ತಾನೆ. ‘ದೇರ್’ ಅಂತ ಟೈಪ್ ಮಾಡಿದ ಮೇಲೆ ಒಂದು ಕ್ಷಣ ನಿಂತು, ಮುಂದೆ ಏನು ಬರೆಯಲಿಕ್ಕಿದ್ದೇನೆ ಅಂತ ಎಣಿಸಿಕೊಂಡು ಮುಂದುವರಿಯಬೇಕು. ಬೇರೆ ದಾರಿ ಇಲ್ಲ.

ದುಡ್ಡಿನ ವಿಷಯದಲ್ಲಿ ಮಾತ್ರ ಎರಡೂ ಭಾಷೆ ಒಂದೇ ದಾರಿ ಹಿಡಿಯುತ್ತವೆ. ‘ಐನೂರು ರೂಪಾಯಿ ಸಾಕಾಗುತ್ತೆ’ ಅನ್ನುವ ಕಡೆ ಇಂಗ್ಲಿಷಿನಲ್ಲೂ ‘ಫೈವ್ ಹಂಡ್ರೆಡ್ ರುಪೀಸ್ ಈಸ್ ಎನಫ್’. ಐನೂರು ನಾಣ್ಯಗಳಲ್ಲ ಅದು, ಒಂದು ಮೊತ್ತ. ದೂರಕ್ಕೂ ಕಾಲಕ್ಕೂ ಹಾಗೇ. ಎರಡು ತಿನಿಸು ಸೇರಿ ಒಂದು ಪ್ಲೇಟ್ ಆದಾಗಲೂ ಅಷ್ಟೇ. ಹೋಟೆಲಿನಲ್ಲಿ ನಾವು ‘ಇಡ್ಲಿ-ವಡೆ ಚೆನ್ನಾಗಿದೆ’ ಅನ್ನುವ ಹಾಗೆ ಅವರು ‘ಬ್ರೆಡ್ ಅಂಡ್ ಬಟರ್ ಈಸ್’ ಅನ್ನುತ್ತಾರೆ.

ಸರ್ ಆರ್ ಇನ್ ಎ ಮೀಟಿಂಗ್

ನನ್ನ ಪರಿಚಯದ ಒಬ್ಬ ಹುಡುಗ ಫೋನ್ ಎತ್ತಿದರೆ ಹೀಗೇ ಹೇಳುತ್ತಿದ್ದ. ‘ಸರ್ ಆರ್ ಇನ್ ಎ ಮೀಟಿಂಗ್. ಮೇಡಂ ಹ್ಯಾವ್ ಗಾನ್ ಔಟ್.’ ಕೇಳಿದವರು ನಗುತ್ತಿದ್ದರು. ಆದರೆ ಅವನ ಬಾಯಿಂದ ‘ಸರ್ ಈಸ್’ ಹೊರಡದೇ ಇದ್ದದ್ದಕ್ಕೆ ಕಾರಣ ಅಜ್ಞಾನ ಅಲ್ಲ, ಸಂಸ್ಕಾರ. ‘ಸರ್ ಬಂದ’ ಅಂತ ಕನ್ನಡದಲ್ಲಿ ಯಾರಾದರೂ ಹೇಳುತ್ತಾರಾ? ದೊಡ್ಡವರು ಒಬ್ಬರೇ ಇದ್ದರೂ ಬಂದರು, ಇದ್ದಾರೆ, ಹೇಳಿದ್ದಾರೆ. ಗೌರವಕ್ಕೆ ಬಹುವಚನ ಅನ್ನುವುದು ನಮ್ಮ ನಾಲಿಗೆಯಲ್ಲೇ ಇದೆ. ಅದನ್ನು ಇಂಗ್ಲಿಷಿಗೆ ಹಚ್ಚಿದ, ಪಾಪ.

ಇಂಗ್ಲಿಷಿನಲ್ಲಿ ಈಗ ರಾಷ್ಟ್ರಪತಿಯಾದರೂ ‘ಈಸ್’, ಮನೆಯ ಬೆಕ್ಕಾದರೂ ‘ಈಸ್’. ‘ಈಗ’ ಅಂತ ಬೇಕೆಂದೇ ಹೇಳಿದೆ. ಹಿಂದೆ ಇಂಗ್ಲಿಷಿನಲ್ಲೂ ನೀನು-ನೀವು ಬೇರೆ ಇತ್ತು. ಒಬ್ಬನಿಗೆ ‘ದೌ’, ಹಲವರಿಗೆ ‘ಯೂ’. ಆಮೇಲೆ ದೊಡ್ಡವರಿಗೆ, ಮೇಲಿನವರಿಗೆ, ಒಬ್ಬರೇ ಇದ್ದರೂ ‘ಯೂ’ ಅನ್ನುವ ಪದ್ಧತಿ ಬಂತು. ನಮ್ಮ ‘ನೀವು’ ಥರವೇ. ಎಲ್ಲರೂ ಎಲ್ಲರಿಗೂ ಮರ್ಯಾದೆ ಕೊಡುತ್ತಾ ಹೋಗಿ ‘ದೌ’ ಮೂಲೆಗೆ ಸೇರಿತು. ಒಬ್ಬನ ಎದುರು ನಿಂತು ‘ಯೂ ಆರ್’ ಅಂತಲೇ ಏಕೆ ಹೇಳಬೇಕು, ‘ಯೂ ಈಸ್’ ಏಕಲ್ಲ ಅಂತ ನಮ್ಮ ಕ್ಲಾಸಿನಲ್ಲಿ ಒಬ್ಬಳು ಕೇಳಿದ್ದಳು. ಮೇಷ್ಟ್ರು ‘ರೂಲ್ ಹಂಗಿದೆ, ಕೂತ್ಕೋ’ ಅಂದರು. ಉತ್ತರ ಇದು: ಅದು ನಿಜಕ್ಕೂ ಬಹುವಚನ, ‘ನೀವು ಇದ್ದೀರಿ’. ಆ ಫೋನ್ ಎತ್ತುವ ಹುಡುಗನ ವ್ಯಾಕರಣ ಇಂಗ್ಲಿಷಿನ ಒಂದು ಮೂಲೆಯಲ್ಲಿ ಇನ್ನೂ ಬದುಕಿದೆ.

ಇಲ್ಲ ಅಂದರೆ ಎಲ್ಲರಿಗೂ ಇಲ್ಲ

‘ಹಿ ಡೋಂಟ್ ನೋ.’ ‘ಶಿ ಡೋಂಟ್ ಹ್ಯಾವ್ ಆಕ್ಸೆಸ್.’ ಇವು ಎಲ್ಲಿಂದ ಬರುತ್ತವೆ ಅನ್ನುವುದು ನನಗೆ ಬಹಳ ದಿನ ಹೊಳೆದಿರಲಿಲ್ಲ. ‘ಹಿ ನೋಸ್’ ಅಂತ ಸರಿಯಾಗಿ ಹೇಳುವವರೂ ‘ಡೋಂಟ್’ಗೆ ಬಂದಾಗ ಜಾರುತ್ತಾರೆ.

ಕನ್ನಡದ ‘ಇಲ್ಲ’ವನ್ನು ನೋಡಿ. ನಾನು ಬರೋದಿಲ್ಲ, ನೀನು ಬರೋದಿಲ್ಲ, ಅವಳು ಬರೋದಿಲ್ಲ, ಅವರು ಬರೋದಿಲ್ಲ, ಬಸ್ಸು ಬರೋದಿಲ್ಲ. ಎಂಟು ಬಾಲಗಳ ಭಾಷೆ ‘ಇಲ್ಲ’ ಅಂದ ಕೂಡಲೇ ಬಾಲ ಮುದುರಿಕೊಂಡುಬಿಡುತ್ತದೆ. ಬೇಕು, ಬೇಡ, ಸಾಕು, ಗೊತ್ತು ಕೂಡ ಹೀಗೇ. ನನಗೆ ಗೊತ್ತು, ಅವನಿಗೆ ಗೊತ್ತು, ಅವರಿಗೆ ಗೊತ್ತು. ಯಾರು ಅನ್ನುವುದಕ್ಕೆ ಕ್ರಿಯಾಪದ ತಲೆ ಕೆಡಿಸಿಕೊಳ್ಳುವುದೇ ಇಲ್ಲ. ‘ಡೋಂಟ್’ ನಮ್ಮ ಕಿವಿಗೆ ‘ಇಲ್ಲ’ದ ಜಾಗದಲ್ಲಿ ಕೂತಿದೆ, ಹಾಗಾಗಿ ಅದೂ ಎಲ್ಲರಿಗೂ ಒಂದೇ ಅನ್ನಿಸಿಬಿಡುತ್ತದೆ.

ಇಂಗ್ಲಿಷಿನಲ್ಲಿ ‘ಇಲ್ಲ’ ಅನ್ನುವಾಗಲೂ, ಪ್ರಶ್ನೆ ಕೇಳುವಾಗಲೂ ‘ಎಸ್’ ಕಳೆದುಹೋಗುವುದಿಲ್ಲ, ಜಾಗ ಬದಲಿಸುತ್ತದೆ. ‘ಶಿ ವರ್ಕ್ಸ್’ ಅಲ್ಲಿದ್ದ ಎಸ್ ‘ಶಿ ಡಸಂಟ್ ವರ್ಕ್’ ಅಲ್ಲಿ ‘ಡಸ್’ಗೆ ಹಾರುತ್ತದೆ. ಹಾರಿದ ಮೇಲೆ ಹಳೇ ಜಾಗದಲ್ಲಿ ಇರುವುದಿಲ್ಲ. ‘ಡಸ್ ಶಿ ವರ್ಕ್ಸ್’ ಅಂದರೆ ಒಂದೇ ಟಿಕೆಟ್‌ಗೆ ಎರಡು ಸೀಟು ಹಿಡಿದ ಹಾಗೆ.

ಇದೇ ಗುಂಪಿನ ಇನ್ನೊಂದು ಪೀಡೆ ನಮ್ಮ ‘ಗೆ’. ‘ಅವಳಿಗೆ ಇಬ್ಬರು ಮಕ್ಕಳಿದ್ದಾರೆ.’ ಇಲ್ಲಿ ಕ್ರಿಯಾಪದ ಹೊಂದುವುದು ಮಕ್ಕಳ ಜೊತೆ, ‘ಇದ್ದಾರೆ’. ಅವಳು ಪಕ್ಕಕ್ಕೆ ನಿಂತಿದ್ದಾಳೆ. ಇಂಗ್ಲಿಷಿನಲ್ಲಿ ಅವಳೇ ಯಜಮಾನಿ: ‘ಶಿ ಹ್ಯಾಸ್ ಟೂ ಚಿಲ್ಡ್ರನ್’. ಮಕ್ಕಳು ಇಬ್ಬರಾಗಲಿ ಹತ್ತಾಗಲಿ ‘ಹ್ಯಾಸ್’ ಬದಲಾಗದು. ಜ್ವರ, ಹಸಿವು, ಇಷ್ಟ, ಸಾಲ, ಸಮಯ, ಕನ್ನಡದಲ್ಲಿ ಇವೆಲ್ಲ ನಮ್ಮ ಬಳಿಗೆ ತಾವಾಗಿ ಬರುವಂಥವು. ಇಂಗ್ಲಿಷಿನಲ್ಲಿ ಹೆಚ್ಚಿನವನ್ನು ನಾವೇ ಹೊಂದಿರಬೇಕು. ಇಲ್ಲಿ ಮೇಲಿನ ಉಪಾಯ ಕೈಕೊಡುತ್ತದೆ. ಕನ್ನಡದಲ್ಲಿ ‘ಗೆ’ ಕಂಡರೆ, ಇಂಗ್ಲಿಷಿನ ಯಜಮಾನ ಬಹುಮಟ್ಟಿಗೆ ಆ ‘ಗೆ’ ಅಂಟಿಸಿಕೊಂಡವರೇ ಅಂತ ತಿಳಿಯಬೇಕು.

ಎಲ್ಲರೂ ಒಬ್ಬರೇ

‘ಎವ್ರಿವನ್ ಹ್ಯಾವ್ ಜಾಯ್ನ್ಡ್?’ ಆನ್‌ಲೈನ್ ಮೀಟಿಂಗ್ ಶುರುವಾಗುವಾಗ ದಿನಾ ಕೇಳುವ ಮಾತು. ‘ಎಲ್ಲರೂ ಬಂದಿದ್ದಾರಾ’ ಅನ್ನುವುದರ ನೆರಳು ಇದು. ‘ಎವ್ರಿವನ್’ ಅನ್ನುವ ಪದದ ಹೊಟ್ಟೆಯಲ್ಲೇ ‘ಒನ್’ ಇದೆ. ‘ಎಲ್ಲರೂ’ ಅನ್ನುವ ಬದಲು ‘ಪ್ರತಿ ಒಬ್ಬ’ ಅಂದುಕೊಂಡರೆ ‘ಹ್ಯಾಸ್’ ತಾನಾಗಿ ಬರುತ್ತದೆ. ಈಚ್, ಎನಿಬಡಿ, ನೋಬಡಿ ಎಲ್ಲ ಇದೇ ಮನೆಯವರು.

ತಮಾಷೆ ಮುಂದಿದೆ. ‘ಎವ್ರಿವನ್ ಹ್ಯಾಸ್’ ಅಂತ ಏಕವಚನದಲ್ಲಿ ಶುರು ಮಾಡಿದ ವಾಕ್ಯ ‘ದೇರ್ ಲ್ಯಾಪ್‌ಟಾಪ್’ ಅಂತ ಬಹುವಚನಕ್ಕೆ ಹಾರುತ್ತದೆ. ತಪ್ಪಾ? ಶಾಲೆಯಲ್ಲಿ ತಪ್ಪು ಅಂತಿದ್ದರು, ‘ಹಿಸ್’ ಬರೆಸುತ್ತಿದ್ದರು, ಎಲ್ಲರೂ ಗಂಡಸರೇ ಅನ್ನುವ ಹಾಗೆ. ಆದರೆ ಒಬ್ಬರಿಗೆ ‘ದೇ’ ಬಳಸುವುದು 14ನೇ ಶತಮಾನದಿಂದಲೂ ಇಂಗ್ಲಿಷಿನಲ್ಲಿದೆ. 2019ರಲ್ಲಿ ಅಮೆರಿಕದ ಮೆರಿಯಮ್-ವೆಬ್‌ಸ್ಟರ್ ನಿಘಂಟಿನವರು ‘ದೇ’ಯನ್ನೇ ವರ್ಷದ ಪದ ಅಂತ ಆರಿಸಿದರು; ಹಿ-ಶಿ ಎರಡೂ ಬೇಡ ಅನ್ನುವವರಿಗೆ ಬಳಸುವ ಅರ್ಥವೂ ಅದೇ ವರ್ಷ ನಿಘಂಟಿಗೆ ಸೇರಿತು. ಒಬ್ಬರೇ ಆದರೂ ಕ್ರಿಯಾಪದ ಮಾತ್ರ ‘ದೇ ಆರ್’. ಗಂಡೋ ಹೆಣ್ಣೋ ಗೊತ್ತಿಲ್ಲದ ಒಬ್ಬರನ್ನು ‘ಅವರು ಬಂದಿದ್ದಾರೆ’ ಅನ್ನುವ ನಮಗೆ ಇದರಲ್ಲಿ ಆಶ್ಚರ್ಯ ಏನೂ ಇಲ್ಲ.

ಇಂಡಿಯಾ ಆರ್, ಇಂಡಿಯಾ ಈಸ್

ಕ್ರಿಕೆಟ್ ಕಾಮೆಂಟರಿ ಕೇಳಿದವರಿಗೆಲ್ಲ ‘ಇಂಡಿಯಾ ಹ್ಯಾವ್ ವನ್ ದ ಟಾಸ್’ ಗೊತ್ತು. ಇಂಡಿಯಾ ಒಂದೇ ಅಲ್ಲವಾ? ಅಲ್ಲಿ ಇಂಡಿಯಾ ಅಂದರೆ ಹನ್ನೊಂದು ಜನ. ಬ್ರಿಟಿಷ್ ಇಂಗ್ಲಿಷಿನಲ್ಲಿ ಟೀಮ್, ಕಮಿಟಿ, ಗವರ್ನಮೆಂಟ್ ಅನ್ನುವ ಗುಂಪಿನ ಪದಗಳನ್ನು ಒಂದು ಅಂತಲೂ ನೋಡಬಹುದು, ಹಲವರು ಅಂತಲೂ ನೋಡಬಹುದು. ಅಮೆರಿಕದವರು ಸಾಮಾನ್ಯವಾಗಿ ಒಂದು ಅಂತಲೇ ಹಿಡಿಯುತ್ತಾರೆ, ‘ದ ಟೀಮ್ ಈಸ್’. ನಿಮ್ಮ ಕ್ಲೈಂಟ್ ಯಾವ ದೇಶದವರೋ ನೋಡಿಕೊಂಡು ಬರೆದರೆ ಆಯಿತು. ಒಂದೇ ಮೇಲ್‌ನಲ್ಲಿ ಎರಡನ್ನೂ ಬೆರೆಸದಿದ್ದರೆ ಸಾಕು. ‘ಪೊಲೀಸ್’ ಮಾತ್ರ ಎರಡೂ ಕಡೆ ‘ಆರ್’. ನಾವು ‘ಪೊಲೀಸರು ಬಂದರು’ ಅನ್ನುವ ಹಾಗೆ.

ಅಮೆರಿಕದವರು ತಮ್ಮ ದೇಶದ ಹೆಸರಿನಲ್ಲೇ ಈ ಜಗ್ಗಾಟ ಮಾಡಿದ್ದಾರೆ. ‘ಯುನೈಟೆಡ್ ಸ್ಟೇಟ್ಸ್’ ಈಗ ‘ಈಸ್’. ಆದರೆ ಗುಲಾಮಗಿರಿಯನ್ನು ರದ್ದು ಮಾಡಿದ 1865ರ 13ನೇ ತಿದ್ದುಪಡಿಯಲ್ಲಿ ಆ ದೇಶವನ್ನು ‘ದೇರ್’ ಅಂತ ಬಹುವಚನದಲ್ಲೇ ಕರೆದಿದೆ. ಹಲವು ರಾಜ್ಯಗಳು ಅನ್ನುವ ಭಾವನೆ ಒಂದು ದೇಶ ಅನ್ನುವುದಕ್ಕೆ ತಿರುಗಲು ವ್ಯಾಕರಣಕ್ಕೂ ಸಮಯ ಹಿಡಿಯಿತು.

‘ಡೇಟಾ’ದ್ದೂ ಹೀಗೇ. ಲ್ಯಾಟಿನ್‌ನಲ್ಲಿ ಅದು ಬಹುವಚನ, ‘ಡೇಟಮ್’ ಏಕವಚನ. ಸಂಶೋಧನಾ ಪ್ರಬಂಧಗಳಲ್ಲಿ ‘ಡೇಟಾ ಆರ್’ ಅನ್ನುವವರಿದ್ದಾರೆ. ಆಫೀಸಿನಲ್ಲಿ ‘ಡೇಟಾ ಈಸ್’ ಅಂದರೆ ಯಾರೂ ಹುಬ್ಬೇರಿಸುವುದಿಲ್ಲ. ‘ನೈದರ್-ನಾರ್’ ಬಂದಾಗಲಂತೂ ಇಂಗ್ಲಿಷೇ ಪಕ್ಕದವರಿಗೆ ಮಣೆ ಹಾಕುತ್ತದೆ: ‘ನೈದರ್ ದ ಮ್ಯಾನೇಜರ್ ನಾರ್ ದ ಎಂಜಿನಿಯರ್ಸ್ ವರ್’. ಹತ್ತಿರ ಇರುವವರು ಎಂಜಿನಿಯರ್‌ಗಳು, ಹಾಗಾಗಿ ‘ವರ್’. ಇಷ್ಟು ಹೊತ್ತು ಪಕ್ಕದವರನ್ನು ನಂಬಬೇಡಿ ಅಂದು ಈಗ ನಂಬಿ ಅಂದರೆ ಸಿಟ್ಟು ಬರುತ್ತೆ, ನನಗೂ ಬಂದಿತ್ತು.

ಇಂಗ್ಲೆಂಡಿನ ಒಳಗೇ, ನಾರ್ವಿಚ್ ಕಡೆಯ ಹಳೇ ಆಡುಮಾತಿನಲ್ಲಿ ‘ಶಿ ಗೋ’ ಅನ್ನುವವರಿದ್ದಾರೆ. ಆ ಒಂದು ಎಸ್ಸನ್ನೂ ಅವರು ಉದುರಿಸಿಬಿಟ್ಟಿದ್ದಾರೆ. ಅವರಿಗೆ ಇಂಗ್ಲಿಷ್ ಬರುವುದಿಲ್ಲ ಅಂತ ಹೇಳುವುದು ಹೇಗೆ? ಆದರೆ ಆಫೀಸಿನ ಮೇಲ್‌ಗೆ ಈ ವಾದ ನಡೆಯುವುದಿಲ್ಲ, ನಿಜ. ಅಲ್ಲಿ ಒಂದು ಎಸ್ ಬಿಟ್ಟುಹೋದರೆ ಓದುವವರು ಅಕ್ಷರವನ್ನು ಮಾತ್ರ ನೋಡುವುದಿಲ್ಲ, ಬರೆದವರ ಊರು, ಶಾಲೆ, ಯೋಗ್ಯತೆ ಎಲ್ಲವನ್ನೂ ಅದರಲ್ಲೇ ಓದಿಬಿಡುತ್ತಾರೆ. ನ್ಯಾಯ ಅಂತ ನನಗೆ ಅನ್ನಿಸುವುದಿಲ್ಲ. ಆದರೂ ಅಪ್ರೈಸಲ್ ಫಾರಂನ ‘ಕಮ್ಯುನಿಕೇಷನ್’ ಅನ್ನುವ ಕಾಲಂ ತುಂಬುವವರು ಅವರೇ ತಾನೆ. ಕಳಿಸುವ ಮುಂಚೆ ಕ್ರಿಯಾಪದಗಳನ್ನು ಮಾತ್ರ ಒಂದು ಸಲ ಕಣ್ಣಾಡಿಸಿ, ಪ್ರತಿಯೊಂದಕ್ಕೂ ‘ನಿನ್ನ ಯಜಮಾನ ಯಾರಪ್ಪಾ’ ಅಂತ ಕೇಳಲು ಅರ್ಧ ನಿಮಿಷ ಸಾಕು. ಫೋನಿನ ಕೆಂಪು ಗೆರೆ ಎಲ್ಲವನ್ನೂ ಹಿಡಿಯುವುದಿಲ್ಲ.

ತಂಗಿ ಎರಡು ವಾರ ಮೀಟಿಂಗ್‌ನಲ್ಲಿ ಸುಮ್ಮನೇ ಕೂತಿದ್ದಳಂತೆ. ನಾನೂ ಕೆದಕಲಿಲ್ಲ. ನಡುವೆ ನಡುವೆ ಮೆಸೇಜು ಬರುತ್ತಿತ್ತು. ‘ಅಕ್ಕಾ, ಐದು ವೆಂಡರ್‌ಗಳ ಪೇಮೆಂಟ್ ಬಾಕಿ ಇದೆ, ಕೊನೆಗೆ ಪೇಮೆಂಟ್, ಹಂಗಾದ್ರೆ ಈಸ್ ಅಲ್ವಾ?’ ಒಂದೇ ಪೇಮೆಂಟೋ ಐದೋ ಅಂತ ನಾನು ಕೇಳಿದೆ. ‘ಐದು.’ ‘ಹಾಗಾದ್ರೆ ಪೇಮೆಂಟ್ಸ್ ಆರ್.’ ‘ಓ, ಎರಡು ಫೈಲು ಬಂತು ಕೇಸು’ ಅಂದಳು.

ಮೊನ್ನೆ ಮತ್ತೆ ರಾತ್ರಿ ಹನ್ನೊಂದಕ್ಕೆ ಒಂದು ಸ್ಕ್ರೀನ್‌ಶಾಟ್ ಬಂತು. ಅದೇ ಮ್ಯಾನೇಜರ್, ಅದೇ ಹನ್ನೆರಡು ಜನಕ್ಕೆ ಬರೆದ ಮೇಲ್. ‘ಒನ್ ಆಫ್ ದ ವೆಂಡರ್ಸ್ ಹ್ಯಾವ್ ನಾಟ್ ರಿಪ್ಲೈಡ್.’ ‘ಹ್ಯಾವ್’ ಸುತ್ತ ಅವಳು ಬೆರಳಲ್ಲಿ ಕೆಂಪು ವೃತ್ತ ಎಳೆದಿದ್ದಳು.

‘ರಿಪ್ಲೈ ಆಲ್ ಮಾಡಿದ್ಯಾ?’ ಅಂತ ಕೇಳಿದೆ.

‘ಛೇ, ಇಲ್ಲ ಅಕ್ಕಾ. ಆ ವೆಂಡರ್‌ಗೆ ಫೋನ್ ಮಾಡಿ ಬಿಲ್ ತರಿಸಿ ಕಳಿಸ್ದೆ. ಇದು ನಿಂಗೆ ಮಾತ್ರ.’